ಯಾರು ಕೇಳಲಿಲ್ಲ

ಸೆಪ್ಟೆಂಬರ್ 14, ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳೇ,

ನಿನಗೂ ಅಳಿಯಂದಿರಿಗೂ ದೇವರು ನೆಮ್ಮದಿ ಕೊಡಲೆಂದು ಬೇಡಿಕೊಂಡು ಅಪ್ಪ ಬರೆಯುತ್ತಿರುವ ಪತ್ರ. ತಡವಾಯಿತು. ಏಳು ತಿಂಗಳು ತಡ. ಮಂಡಿನೋವು, ಸಭೆಯ ಕೆಲಸ, ಚರ್ಚಿನ ಛಾವಣಿ ರಿಪೇರಿ ಎಂದು ನೆಪ ಜೋಡಿಸಬಹುದು. ಜೋಡಿಸುವುದರಲ್ಲಿ ನಿನ್ನಪ್ಪ ಎಂಥ ಗಟ್ಟಿಗ ಎಂದು ನಿನಗೆ ಗೊತ್ತೇ ಇದೆ. ಬೇಡ ಬಿಡು.

ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದೆವು. ಈಗ ಮೂಲೆಮೂಲೆಯ ಧೂಳೂ ಕಾಣುತ್ತಿದೆಯಂತೆ. "ಇಷ್ಟು ವರ್ಷ ಮನೇನ ಹೀಗಾ ಇಟ್ಕೊಂಡಿದ್ದು?" ಎಂದು ನನ್ನ ಮೇಲೆ ರೇಗುತ್ತಾಳೆ, ಗುಡಿಸುತ್ತಿದ್ದವಳು ತಾನೇ ಆದರೂ!

ಇನ್ನೊಂದು ಸುದ್ದಿ. ಆರಾಧನೆ ಮುಗಿದ ಮೇಲೆ ನಾನು ಪ್ರಶ್ನೆಪೆಟ್ಟಿಗೆ ತೆರೆದು, ಹೆಸರಿಲ್ಲದ ಚೀಟಿಗಳಿಗೆ ಉತ್ತರ ಹೇಳುತ್ತೇನಲ್ಲ, ಇಪ್ಪತ್ತೆರಡು ವರ್ಷದ ಆ ಉತ್ತರಗಳನ್ನು ಸಭೆಯವರು ಪುಸ್ತಕ ಮಾಡಿಸುತ್ತಿದ್ದಾರೆ. ದೇವರಿದ್ದಾನೆ ಎನ್ನಲು ಏನು ಆಧಾರ, ಒಳ್ಳೆಯವನಾದರೆ ಕೆಟ್ಟದ್ದನ್ನು ಯಾಕೆ ಬಿಟ್ಟಿದ್ದಾನೆ, ಸತ್ತವನು ಎದ್ದು ಬಂದ ಎಂದರೆ ಹೇಗೆ ನಂಬುವುದು, ಇಂಥ ಯಾವುದಕ್ಕೂ ನಾನು ತಡವರಿಸಿದವನಲ್ಲ. ಬೆನ್ನ ಹಿಂದೆ 'ಜವಾಬು ಪಾಸ್ಟರ್' ಎನ್ನುತ್ತಾರೆಂದು ಗೊತ್ತಿತ್ತು. ಸುಳ್ಳೇಕೆ ಹೇಳಲಿ, ಖುಷಿಯಾಗುತ್ತಿತ್ತು.

ಮಂಗಳವಾರ ಪ್ರೆಸ್ಸಿಗೆ ಹೋದೆ. ಅಲ್ಲಿ ಟೈಪ್ ಮಾಡುವ ಹೆಂಗಸು ಮಹಾ ಚೂಟಿ. ಒಂದು ಚೀಟಿ ಹಿಡಿದು ನನಗಾಗಿಯೇ ಕಾಯುತ್ತಿದ್ದಳು. ಫೆಬ್ರವರಿಯಲ್ಲಿ ನೀನು ಬಂದಿದ್ದ ಭಾನುವಾರ ನಾನು ಓದಿದ ಚೀಟಿ. "ಇಷ್ಟು ದಿನ ಅತ್ತೆ. ಒಂದು ಸಲವೂ ಯಾಕೆ ಕೇಳಲಿಲ್ಲ?" ಎಂದಷ್ಟೇ ಇತ್ತು.

"ಪಾಸ್ಟರೇ, ನಾನು ಮೊದಲು ಅತ್ತೆ ಸೊಸೆ ಜಗಳ ಅಂದ್ಕೊಂಡೆ" ಎಂದು ನಕ್ಕಳು. ಆಮೇಲೆ ಚೀಟಿಯನ್ನು ನನ್ನ ಕಡೆ ತಿರುಗಿಸಿದಳು. "ಆದ್ರೆ ಇದರಲ್ಲಿ ದೇವರು ಅನ್ನೋ ಮಾತೇ ಇಲ್ವಲ್ಲ? ಕೆಂಪು ಶಾಯೀಲಿ ನೀವೇ ಸೇರಿಸಿದ್ದೀರ. ಅವನು ಕೇಳಲಿಲ್ಲ, ನೀನು ಕೇಳಲಿಲ್ಲ, ನೀವು ಕೇಳಲಿಲ್ಲ... ಯಾವುದು ಬೇಕಾದ್ರೂ ಆಗುತ್ತೆ. ಹೇಗೆ ಹಾಕ್ಲಿ?"

ಆಗ ಅಕ್ಷರವನ್ನು ಇನ್ನೊಮ್ಮೆ ನೋಡಿದೆ ಮಗಳೇ. ನಿನ್ನದು. "ಸದ್ಯಕ್ಕೆ ಬಿಟ್ಟಿರಮ್ಮ" ಎಂದು ಹೊರಗೆ ಬಂದೆ.

ಅವತ್ತು ನಾನು ಅದನ್ನು 'ದೇವರು ಪ್ರಾರ್ಥನೆಯನ್ನು ಯಾಕೆ ಕೇಳಲಿಲ್ಲ' ಎಂದು ಓದಿ, ನಲವತ್ತು ನಿಮಿಷ ಮಾತಾಡಿದ್ದೆ. ಮಗುವಿಗೆ ಸೂಜಿ ಚುಚ್ಚುವಾಗ ತಾಯಿ ಕಿವುಡಿಯಲ್ಲ ಎಂಬ ಉದಾಹರಣೆ ಬೇರೆ. ಮಗುವಿನ ಉದಾಹರಣೆ, ನಿನ್ನೆದುರಿಗೆ! ನಿನ್ನ ಮಗು ಹೊಟ್ಟೆಯಲ್ಲೇ ಹೋಗಿ ಐದು ವಾರವಾಗಿತ್ತಷ್ಟೆ. ಎಲ್ಲರೂ ತಲೆದೂಗಿದರು, ನೀನು ಮೂರನೆಯ ಬೆಂಚಿನಿಂದ ಎದ್ದು ಹೋದೆ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಅಂದಿನಿಂದ ನಿನ್ನ ಫೋನೆಲ್ಲ ಅಮ್ಮನಿಗೇ. ನಿನ್ನ ನಂಬಿಕೆ ಕುಸಿದಿದೆ ಎಂದುಕೊಂಡು ನಾನು ಇಲ್ಲಿ ಇನ್ನಷ್ಟು ವಾದಗಳನ್ನು ಸಿದ್ಧ ಮಾಡಿಟ್ಟುಕೊಂಡೆ.

ಮನೆಗೆ ಬಂದು ಅಮ್ಮನಿಗೆ ಚೀಟಿಯ ವಿಷಯ ಹೇಳಿದೆ. ಪೊರಕೆ ಕೆಳಗಿಟ್ಟಳು.

"ಅವಳು ಚರ್ಚಿಗೆ ಹೋಗ್ತಾನೇ ಇದ್ದಾಳೆ ಕಣ್ರೀ. ಅವಳು ಬಿಟ್ಟಿರೋದು ದೇವರನ್ನಲ್ಲ, ನಿಮ್ಮನ್ನ. ಆಸ್ಪತ್ರೇಲಿ ಮಂಚದ ಪಕ್ಕ ನಿಂತು ಕಷ್ಟ ಯಾಕೆ ಬರುತ್ತೆ ಅಂತ ಮೂರು ಕಾರಣ ಹೇಳಿದ್ರಿ. ಹೇಗಿದ್ದೀಯಮ್ಮ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಇಷ್ಟು ವರ್ಷ ಬಂದ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ, ನಾನೇ ಒಂದು ಪ್ರಶ್ನೆ ಕೇಳುವ ಅಭ್ಯಾಸ ತಪ್ಪಿಹೋಗಿದೆ ಕಣಮ್ಮ. ನನ್ನ ವಾದಗಳು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ, ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ಕರ್ತನು ಕೂಡ ಸತ್ತ ಗೆಳೆಯನನ್ನು ಸಮಾಧಿಯಿಂದ ಎದ್ದು ಬಾ ಎಂದು ಕರೆಯುವ ಮೊದಲು ನಿಂತು ಅತ್ತ. ಆ ಭಾಗದ ಮೇಲೆ ಎಷ್ಟು ಸಲ ಪ್ರಸಂಗ ಮಾಡಿದ್ದೇನೋ, ಲೆಕ್ಕವಿಲ್ಲ.

ಪುಸ್ತಕದಿಂದ ಆ ಉತ್ತರವನ್ನು ತೆಗೆಸಿದ್ದೇನೆ. ಪ್ರಶ್ನೆ ನಿನ್ನದು, ಅಲ್ಲಿರಬೇಕೋ ಬೇಡವೋ ನೀನೇ ಹೇಳು. ಅಳಿಯಂದಿರು ಆಸ್ಪತ್ರೆಯಲ್ಲಿ ಗೋಡೆಗೊರಗಿ ನಿಂತಿದ್ದರು, ಅವರ ಜೊತೆಗೂ ಒಂದು ಮಾತಾಡಲಿಲ್ಲ. ನನ್ನ ಪರವಾಗಿ ಕ್ಷಮೆ ಕೇಳು. ನೀವಿಬ್ಬರೂ ಚೆನ್ನಾಗಿರಿ, ದೇವರು ನಿಮ್ಮ ಕೈ ಬಿಡದಿರಲಿ. ಅಮ್ಮ ನಿನಗೆ ಮುತ್ತು ಕೊಟ್ಟಿದ್ದಾಳೆ.

ನಿನ್ನ
ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಟೈಪಿನವಳು ತೋರಿಸಿದ ಮೇಲೆ ನಿನ್ನ ಅಕ್ಷರ ಗುರುತಿಸಿದೆ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಆ ಭಾನುವಾರ ಚೀಟಿ ಬಿಚ್ಚಿದ ಕೂಡಲೇ ಗೊತ್ತಾಯಿತು. ಆ ಅಕ್ಷರಗಳನ್ನು ಕೈ ಹಿಡಿದು ತಿದ್ದಿಸಿದವನು ನಾನು. ಯಾರನ್ನು ಕೇಳುತ್ತಿದ್ದೀಯ ಎಂಬುದೂ ಗೊತ್ತಾಯಿತು. ಅಷ್ಟು ಜನರ ಎದುರು ಏನು ಹೇಳಬೇಕೋ ತೋಚದೆ, ಜೇಬಿನಿಂದ ಪೆನ್ನು ತೆಗೆದು 'ದೇವರು' ಎಂದು ಸೇರಿಸಿದೆ. ನನ್ನ ತಪ್ಪನ್ನು ಅವನ ತಲೆಗೆ ಕಟ್ಟಿ, ಆಮೇಲೆ ನಲವತ್ತು ನಿಮಿಷ ಅವನ ಪರ ವಾದ ಮಾಡಿದೆ.

ಅಮ್ಮನಿಗೆ ಗೊತ್ತಿರಬಹುದು, ಆದರೆ ಅವಳನ್ನು ಕೇಳಿಲ್ಲ. ನಿನ್ನನ್ನೇ ಕೇಳುತ್ತಿದ್ದೇನೆ. ಮಗುವಿಗೆ ಏನು ಹೆಸರು ಇಡಬೇಕೆಂದಿದ್ದೆ ಮಗಳೇ?