ಕಲ್ಲುಗುಂಡಿನಂಥ ಮಗಳು

ಗುರುವಾರ, ಸಂಜೆ

ಅಮ್ಮಾ,

ನಿನ್ನ ವಟವಟಿಯ ನಮಸ್ಕಾರ. ಫೋನು ಇದ್ದೂ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡ, ಈಗ ನಾನು ಹುಷಾರಾಗಿದ್ದೇನೆ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀ, ನಾನು ಮತ್ತೆ ಸುಳ್ಳು ಹೇಳಿಬಿಡುತ್ತೇನೆ. ಬರೆಯಲು ಕೂತವಳು ಪದೇ ಪದೇ ಎದ್ದು ಒಲೆ ಆರಿಸಿದೆನಾ ಎಂದು ನೋಡಿ ಬಂದೆ. ಒಲೆ ಹಚ್ಚೇ ಇರಲಿಲ್ಲ.

ಹೇಳಿಬಿಡುತ್ತೇನೆ. ಕಳೆದ ಚಳಿಗಾಲದಲ್ಲಿ, ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ, ಮನೆಗೆ ಬರಲಾಗುವುದಿಲ್ಲ ಎಂದೆನಲ್ಲ, ಆಗ ನಾನು ಆಸ್ಪತ್ರೆಯಲ್ಲಿದ್ದೆ. ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಕಾರ್ಖಾನೆಯ ಇಸ್ತ್ರಿ ಮೇಜಿನ ಮುಂದೆ ನಿಂತವಳು, ಮಡಿಸಿಟ್ಟ ಅಂಗಿಗಳ ಮೇಲೇ ಕುಸಿದೆ. ಅಕ್ಕ ತೀರಿಹೋದದ್ದೂ ಎದೆಯ ಕಾಯಿಲೆಯಿಂದಲೇ. ಆಗ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನೀನು ಕೂತಿದ್ದ ರೀತಿ ಇನ್ನೂ ನನ್ನ ಕಣ್ಣಿಂದ ಹೋಗಿಲ್ಲ. ಮತ್ತೆ ನಿನ್ನನ್ನು ಅಲ್ಲಿ ಕೂರಿಸಲು ಮನಸ್ಸು ಬರಲಿಲ್ಲ.

ಗುಣವಾಗಿ ಕೆಲಸಕ್ಕೆ ಹೋದೆ. ಅಷ್ಟರಲ್ಲಿ ವಿಮಾ ಕಚೇರಿಯವರು ನನ್ನ ಕಾಯಿಲೆ ಭತ್ಯೆಯ ಅರ್ಜಿ ತಿರಸ್ಕರಿಸಿದ್ದರು. ಕಾರಣ ಏನು ಗೊತ್ತೇ? ನೀನು. ವಿಚಾರಿಸಲು ನಿನಗೆ ಫೋನು ಮಾಡಿದ್ದರಂತೆ. ‘ನನ್ನ ಮಗಳಿಗೇನ್ರೀ, ಕಲ್ಲುಗುಂಡಿನ ಹಾಗಿದಾಳೆ, ದಿನಾ ಕೆಲಸಕ್ಕೆ ಹೋಗ್ತಾಳೆ’ ಅಂದೆಯಂತೆ. ನಿನ್ನದೇನೂ ತಪ್ಪಿಲ್ಲ, ನಾನು ಹೇಳಿದ್ದನ್ನೇ ನೀನು ಹೇಳಿದೆ. ಆದರೆ ಕಾಯಿಲೆ ಸುಳ್ಳೆಂದಾದರೆ ಅಷ್ಟು ದಿನದ ರಜೆಯೂ ಸುಳ್ಳು, ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದು ಮೇಲ್ವಿಚಾರಕ ಮುಖಕ್ಕೆ ಹೊಡೆದಂತೆ ಹೇಳಿದ. ಮೇಲ್ಮನವಿ ಹಾಕಿದೆ.

ಇವತ್ತು ಅದರ ವಿಚಾರಣೆ ಇತ್ತು. ಪೆದ್ದಿ ನಾನು, ನೀಟಾಗಿ ತಲೆ ಬಾಚಿ, ಗರಿಗರಿ ಬಟ್ಟೆ ಹಾಕಿಕೊಂಡು ಹೋದೆ. ಮೇಲ್ಮನವಿ ಅಧಿಕಾರಿ ವಯಸ್ಸಾದ ಹೆಂಗಸು. ಕನ್ನಡಕದ ಮೇಲಿಂದ ನೋಡಿ, ‘ಚೆನ್ನಾಗೇ ಕಾಣ್ತೀರಲ್ಲಮ್ಮಾ?’ ಎಂದರು.

‘ಈಗ ಹುಷಾರಾಗಿದೀನಿ ಮೇಡಂ. ಆಗಾಗಿದ್ರೆ ನಿಮ್ಮ ಈ ಮೆಟ್ಟಿಲು ಹತ್ತಕ್ಕೇ ಆಗ್ತಿರಲಿಲ್ಲ,’ ಎಂದೆ.

ಡಾಕ್ಟರ ಚೀಟಿ, ಎಕ್ಸ್‌ರೇ ಎಲ್ಲ ತಿರುವಿ ನೋಡಿದರು. ‘ಎಲ್ಲಾ ಇದೆ. ಆದ್ರೆ ಹೆತ್ತ ತಾಯಿಗೇ ಗೊತ್ತಿಲ್ಲದ ಕಾಯಿಲೇನ ನಾವು ಹೇಗೆ ನಂಬೋದು?’

‘ಹೆತ್ತ ತಾಯಿ ಅನ್ನೋದಕ್ಕೇ ಹೇಳ್ಲಿಲ್ಲ ಮೇಡಂ,’ ಎಂದೆ. ಅವರು ಪೆನ್ನು ಕೆಳಗಿಟ್ಟರು. ‘ನಿಮ್ಮ ತಾಯಿಗೇ ಇನ್ನೊಮ್ಮೆ ಫೋನ್ ಮಾಡಿ ಕೇಳ್ತೀನಿ’ ಎಂದು ಹೇಳಿ ಕಳಿಸಿದರು. ಆಗಿನಿಂದ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ.

ಅವರು ಫೋನು ಮಾಡಿದರೆ ದಯವಿಟ್ಟು ನನ್ನನ್ನು ಹೊಗಳಬೇಡಮ್ಮಾ. ಮಗಳು ನನ್ನಿಂದ ಮುಚ್ಚಿಟ್ಟಿದ್ದಳು, ಈಗ ತಿಳಿಯಿತು ಎಂದು ಇದ್ದದ್ದು ಇದ್ದ ಹಾಗೆ ಹೇಳು. ಬೈಯುವುದಿದ್ದರೆ ಆಮೇಲೆ ನನ್ನನ್ನು ಬೈ.

ಇಂತಿ ನಿನ್ನ
ವಟವಟಿ

ತಾ.ಕ., ಶುಕ್ರವಾರ: ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಮಧ್ಯಾಹ್ನ ಆ ಅಧಿಕಾರಿಯೇ ಫೋನು ಮಾಡಿದರು. ಬೆಳಿಗ್ಗೆಯೇ ನಿನ್ನ ಜೊತೆ ಮಾತಾಡಿದರಂತೆ. ‘ಫೋನಲ್ಲಿ ಅವಳ ಕೆಮ್ಮು ಕೇಳಿದ ಮೊದಲ್ನೇ ದಿನಾನೇ ನಂಗೆ ಗೊತ್ತಾಯ್ತು. ಆವತ್ತು ಫೋನ್ ಮಾಡಿದೋರು ಕಾರ್ಖಾನೆಯೋರು ಅಂದ್ಕೊಂಡೆ. ಕಾಯಿಲೆ ಅಂದ್ರೆ ಎಲ್ಲಿ ಕೆಲಸದಿಂದ ತೆಗೀತಾರೋ ಅಂತ ಹಾಗಂದೆ’ ಎಂದೆಯಂತೆ. ಮೇಲ್ಮನವಿ ಒಪ್ಪಿಕೊಂಡರು, ಕೆಲಸ ಉಳಿಯಿತು. ಇನ್ನು ಈ ಕಾಗದ ಕಳಿಸುವ ಅಗತ್ಯವಿಲ್ಲ, ಆದರೂ ಕಳಿಸುತ್ತಿದ್ದೇನೆ. ಆ ದಿನಗಳಲ್ಲಿ ನೀನು ‘ಊಟ ಆಯ್ತಾ’ ಎಂದು ಕೇಳಿ, ನಾನು ‘ಆಯ್ತು’ ಎಂದ ಮೇಲೂ ನೀನು ಫೋನು ಇಡುತ್ತಿರಲಿಲ್ಲ. ನಿನ್ನ ದನಿ ಕೇಳಿಸದೆ, ಲೈನು ಕೆಟ್ಟಿದೆ ಎಂದುಕೊಂಡು ನಾನೇ ಇಟ್ಟುಬಿಡುತ್ತಿದ್ದೆ.