ಒದ್ದೆ ಬಟ್ಟೆ ಮತ್ತು ಗಾಯಗನ್ನಡಿ

ಫೆಬ್ರವರಿ ಮೂವತ್ತು, ೨೧೬೧. ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ.

ಕಾನೂನು ಬರೆಯಲು ಕುಳಿತಿರುವ ಹಿರಿಯರಿಗೆ, ಕೊಪ್ಪಳ ಸೀಮೆಯ ನರ್ಸ್ ಗುರುಬಸವ್ವನ ನಮಸ್ಕಾರ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಪಾಲಿನದನ್ನು ನಿಮಗೇ ಬರೆಯುತ್ತಿದ್ದೇನೆ.

ಮನೆಯಲ್ಲಿ ಏಟು ತಿಂದು ಬಂದ ಹೆಂಗಸಿನ ಸುದ್ದಿಯನ್ನು ನರ್ಸ್ ಪೊಲೀಸರಿಗೆ ಮುಟ್ಟಿಸಲೇಬೇಕು ಎಂದು ನೀವು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಿದ್ದೀರಿ. ನಮ್ಮ ಕಾಲದಲ್ಲಿ ಆ ಕೆಲಸಕ್ಕೆ ಗಾಯಗನ್ನಡಿ ಇದೆ. ಗೋಡೆಯಲ್ಲಿರುವ ಈ ಕನ್ನಡಿ, ರೋಗಿ ಕುಳಿತ ಕಾಲು ಗಂಟೆಗೆ ತಾನೇ ಎಚ್ಚರಾಗಿ, ಗಾಯ ನೋಡಿ, ಠಾಣೆಗೆ ತಿಳಿಸುತ್ತದೆ. ಒದ್ದೆ ಬಟ್ಟೆಯ ಕೆಳಗಿನದು ಮಾತ್ರ ಅದಕ್ಕೆ ಕಾಣದು. ಹಾಗಾಗಿ, ಪೊಲೀಸರು ಬೇಡವೆಂದು ಬೇಡುವವರ ಗಾಯ ಮುಚ್ಚಲು, ಪ್ರತಿ ನರ್ಸಿನ ಮೇಜಿನ ಮೇಲೂ ಬೋಗುಣಿಯಲ್ಲಿ ಒಂದು ಬಟ್ಟೆ ನೆನೆಯುತ್ತಿರುತ್ತದೆ. ಯಾಕೆಂದು ಯಾರೂ ಕೇಳುವುದಿಲ್ಲ. ಹೊಸಬರಿಗೆ ಹಳಬರು ಮೊದಲು ಕಲಿಸುವುದೇ ಅದನ್ನು.

ನಾನೂ ಮುಚ್ಚಿದ್ದೆ. ಹಾಗೆ ಮನೆಗೆ ಹೋದ ಒಬ್ಬಳು ಹೆಣವಾಗಿ ಬಂದಳು. ಇನ್ನು ಮುಚ್ಚುವುದಿಲ್ಲವೆಂದು ಆಣೆ ಮಾಡಿಕೊಂಡೆ. ಹೋದ ವರ್ಷ ಏಟು ತಿಂದು ಬಂದ ಹುಲಿಗೆಮ್ಮ ಎಂಬಾಕೆ ಕೈಮುಗಿದು ಬೇಡಿದರೂ ಬಟ್ಟೆ ಮುಟ್ಟಲಿಲ್ಲ. ಗಂಡನನ್ನು ಹಿಡಿದೊಯ್ದರು, ಮೂರನೇ ದಿನ ಬಿಟ್ಟರು. ಮುಂದಿನ ಸಲ ಅವನು ಹೊಡೆದಾಗ ಆಕೆ ನಮ್ಮ ಹತ್ತಿರ ಬರಲೇ ಇಲ್ಲ. ಅರಿಶಿನ ಮೆತ್ತಿಕೊಂಡು ಮನೆಯಲ್ಲೇ ಬಿದ್ದಿದ್ದಳು, ಗಾಯ ಕೊಳೆತು ಸತ್ತಳು. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಎರಡಕ್ಕೂ ಒಬ್ಬೊಬ್ಬಳನ್ನು ನೂಕಿದವಳು ನಾನು.

ಈಗ ಎದುರಿಗೆ ಹುಲಿಗೆಮ್ಮನ ತಂಗಿ ದೇವಮ್ಮ ಮುರಿದ ಕೈ ಹಿಡಿದು ಕುಳಿತಿದ್ದಾಳೆ. ಹೊಡೆದವನು ಆಕೆಯ ಗಂಡ. ಕಾಲು ಗಂಟೆಯಲ್ಲಿ ಐದು ನಿಮಿಷ ಉಳಿದಿದೆ. ನಾನು ಒಮ್ಮೆ ಬಟ್ಟೆ, ಒಮ್ಮೆ ಕನ್ನಡಿ ನೋಡುವುದು ಕಂಡು ಆಕೆಯೇ ಅಂದಳು: “ಕೇಳೂದಿದ್ರ ನನ್ನ ಕೇಳ್ರಿ ಅಕ್ಕಾರ. ಆ ಕನ್ನಡಿ ಏನ್ ಹೇಳ್ತದ?”

ಕೇಳಿದೆ. ಪೊಲೀಸರು ಬರಲಿ, ಆದರೆ ಅದಕ್ಕೂ ಮೊದಲು ತನಗೆ ಮಲಗಲು ಬೇರೊಂದು ಮನೆ ಬೇಕು ಅಂದಳು. ಇಷ್ಟೇ. ನಿಮ್ಮ ಕಾನೂನಿನಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ದಮ್ಮಯ್ಯ, ಶಾಯಿ ಆರುವ ಮೊದಲು ಸೇರಿಸಿ: ಮೊದಲು ಆಕೆಯನ್ನು ಕೇಳಬೇಕು, ಇರಲು ಒಂದು ಮನೆ ಕೊಡಬೇಕು, ಠಾಣೆ ಆಮೇಲೆ.

ಆಕೆಯ ಕೈಗೆ ಬಟ್ಟೆ ಹೊದಿಸಿದ್ದೇನೆ. ದೇವಮ್ಮನನ್ನು ನನ್ನ ಮನೆಗೇ ಕರೆದೊಯ್ಯುತ್ತೇನೆ, ನಾಳೆ ಇಬ್ಬರೂ ಠಾಣೆಗೆ ಹೋಗುತ್ತೇವೆ. ನನ್ನದು ಒಂದೇ ಕೋಣೆಯ ಮನೆ. ನಾಳಿದ್ದು ಬರುವವಳನ್ನು ಎಲ್ಲಿ ಮಲಗಿಸಲಿ?