ಮೂಡಣ ಬಾಗಿಲು

ಬ್ಯೂನಸ್ ಐರಿಸ್,
೧೧ ಮಾರ್ಚ್ ೧೯೫೧

ಹೆರ್ಮಿತಾಸ್,

ಹದಿನೈದು ವರ್ಷ ನಿನ್ನ ಕಾಗದಗಳಿಗೆ ಬರೀ ಕ್ಷೇಮ ಸಮಾಚಾರ ಬರೆದ ಗಂಡನಿಂದ ಇಷ್ಟುದ್ದದ ಪತ್ರ ಬಂತೆಂದು ಗಾಬರಿಯಾಗಬೇಡ. ಟಪಾಲಿನಲ್ಲಿ ಒಡೆದು ಓದುತ್ತಾರೆಂದು, ಊರಿಗೆ ಹೊರಟ ದೋಸಿಂದಳ ಕೈಯಲ್ಲಿ ಕಳಿಸಿದ್ದೇನೆ. ಓದಿ ಒಲೆಗೆ ಹಾಕು.

ಈಸ್ಟರ್ ಕಳೆದ ಮೇಲೆ ಸಾಂತಿಯಾಗೊದ ವಿದ್ವಾಂಸರು ಬಂದು ನಮ್ಮ ಗುಡ್ಡದ ಹಳೆಯ ಕೋಟೆಯನ್ನು ಮತ್ತೆ ಅಗೆಯುತ್ತಾರೆಂದು ಬರೆದಿದ್ದೀಯ. ನಿನ್ನ ತಮ್ಮ ಎಲಾದಿಯೊ ನಿಲ್ಲಿಸಿದ ಕಡೆಯಿಂದಲೇ ಶುರುವಂತೆ. ಹಾಗಾದರೆ ಮೂಡಣ ಬಾಗಿಲ ಬಳಿ ಅವರಿಗೆ ಒಂದು ಕನ್ನಡಕ ಸಿಗುತ್ತದೆ. ಅವನು ಗಡಿ ದಾಟಿ ಪೋರ್ಚುಗಲ್ಲಿಗೆ ಹೋದನೆಂದು ನಾನು ಹೇಳಿದ್ದು ಸುಳ್ಳು.

ಆ ಬೇಸಿಗೆ ನಾವಿಬ್ಬರೂ ಆ ಬಾಗಿಲನ್ನು ಮಣ್ಣಿನಿಂದ ಬಿಡಿಸಿದ್ದೆವು. ಗೇಣು ದಪ್ಪದ ಬೂದಿ, ಅದರೊಳಗೆ ಕವಣೆಕಲ್ಲುಗಳ ರಾಶಿ, ಮುರಿದ ಈಟಿ ಮೊನೆಗಳು. ಎರಡು ಸಾವಿರ ವರ್ಷದ ಹಿಂದೆ ಇಲ್ಲಿ ಊರಿಗೆ ಊರನ್ನೇ ಕೊಚ್ಚಿದ್ದಾರೆ ಎಂದ. ಕೋಟೆಗೋಡೆಯನ್ನು ಪೂರ್ತಿ ಸುತ್ತಿ ಬಂದು, "ಎಲ್ಲೂ ಒಡೆದಿಲ್ಲ ಭಾವ. ಒಳಗಿನೋರೇ ಯಾರೋ ಅಗುಳಿ ತೆಗ್ದಿದಾರೆ" ಎಂದ.

ಜುಲೈಯಲ್ಲಿ ಸೈನ್ಯ ಸರ್ಕಾರದ ವಿರುದ್ಧ ದಂಗೆ ಎದ್ದು, ಅವನಂಥ ಮೇಷ್ಟ್ರುಗಳನ್ನು ಹಿಡಿಯತೊಡಗಿದಾಗ ಅಲ್ಲೇ, ಅಗೆದ ದುಂಡು ಮನೆಯೊಂದಕ್ಕೆ ಸೊಪ್ಪು ಹೊದಿಸಿ ಅಡಗಿಕೊಂಡ. ರೊಟ್ಟಿ ಒಯ್ಯುತ್ತಿದ್ದವನು ನಾನು. ಸೈನ್ಯದ ಕಡೆ ಸೇರಿದ್ದ ನೀಲಿ ಅಂಗಿಯವರು ನನಗೆ ಗೊತ್ತಾಗದಂತೆ ಬೆನ್ನು ಹತ್ತಿ ಬಂದರು.

ಇಲ್ಲ, ಹೆರ್ಮಿತಾಸ್. ನಾನೇ ಮುಂದೆ ನಡೆದು ತೋರಿಸಿದೆ. ನೀನು ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದೆ. ಅವರೊಡನೆ ಮನೆಗೆ ನುಗ್ಗಿದ ಗಿರಣಿಯ ಬಿಯೆಯ್ತೊ ನನ್ನ ಎರಡು ಬೆರಳುಗಳನ್ನು ಕದದ ಸಂದಿಗಿಟ್ಟು ಮುರಿದ. ಮೂರನೆಯದಕ್ಕೆ ಬಾಯಿಬಿಟ್ಟೆ. ಕೈಮೇಲೆ ಕಲ್ಲು ಬಿತ್ತೆಂದಾಗ ನಂಬಿ ಪಟ್ಟಿ ಕಟ್ಟಿದವಳು ನೀನು.

ಹಾಡಹಗಲು ಅವನನ್ನು ಕೂದಲು ಹಿಡಿದು ಹೊರಗೆಳೆದರು. "ಏನ್ ಮೇಷ್ಟ್ರೇ, ಬಂದೂಕು ಹೂಳೋಕೆ ಇಷ್ಟೊಂದು ಗುಂಡಿ ಬೇಕಾಯ್ತಾ?" ಎಂದು ಬಿಯೆಯ್ತೊ ಕವಣೆಕಲ್ಲೊಂದನ್ನು ಎತ್ತಿ ಅವನ ಬಾಯಿಗೆ ಜಜ್ಜಿದ. ಇನ್ನೊಮ್ಮೆ ಜಜ್ಜಿದ. ಎಲಾದಿಯೊ ಹಲ್ಲು ಉಗುಳಿದ. "ಆ ಕಲ್ಲು ಎಲ್ಲಿತ್ತೋ ಅಲ್ಲೇ ಇಡು ಬಿಯೆಯ್ತೊ, ನಕ್ಷೆಯಲ್ಲಿ ಇನ್ನೂ ಗುರುತು ಹಾಕಿಲ್ಲ" ಎಂದ. ಅವರೆಲ್ಲ ನಕ್ಕರು. ನಗುತ್ತಲೇ ಗುಂಡು ಹೊಡೆದರು. ಬಾಗಿಲ ಗುಂಡಿಗೆ ಬಿದ್ದ. ಮುಚ್ಚು ಎಂದು ನನ್ನ ಕೈಗೆ ಸಲಿಕೆ ಕೊಟ್ಟರು. ಮುರಿದ ಬೆರಳುಗಳಲ್ಲೇ ಮುಚ್ಚಿದೆ. ತಿಂಗಳೊಳಗೆ ಹಡಗು ಹತ್ತಿದೆ.

ಅಲ್ಲಿ ಅಗೆಯುವ ದಿನ ಗುಡ್ಡ ಹತ್ತಬೇಡ. ಬಿಯೆಯ್ತೊ ಈಗ ಊರಿನ ಮುಖ್ಯಸ್ಥ, ನಿನ್ನ ಮುಖವನ್ನೇ ನೋಡುತ್ತಿರುತ್ತಾನೆ. ಕ್ಷಮೆ ಕೇಳಲು ಬಾಯಿಲ್ಲ.

ನಿನ್ನ ಗಂಡ ಎಂದು ಬರೆಯಲಾರದ,
ಅಮಾರೊ

ಇನ್ನೊಂದು ಮಾತು: ಗುಂಡು ಹೊಟ್ಟೆಗೆ ತಗುಲಿತ್ತು. ಎದೆಯವರೆಗೆ ಮಣ್ಣು ಎಳೆದಾಗ, "ಭಾವ, ನಾನಿನ್ನೂ ಇದೀನಿ" ಎಂದ. ಅಷ್ಟು ಹೊತ್ತಿಗೆ ಅವರೆಲ್ಲ ಗುಡ್ಡ ಇಳಿದು ಹೋಗಿದ್ದರು. ನನ್ನನ್ನು ನೋಡುವವರು ಯಾರೂ ಇರಲಿಲ್ಲ. ನಾನು ಸಲಿಕೆ ನಿಲ್ಲಿಸಲಿಲ್ಲ.